ರವಿವಾರದ ರಜೆ ಬಿಡದ ನಾಯಕ

"ನನ್ನ ಬದುಕೇ ಒಂದು ಕಾದಂಬರಿ ಆಗ್ತದ ನೋಡ್ರಿ" ಅನ್ನುವವರಿಗೆ ಧಾರವಾಡದಲ್ಲಿ ಬರಗಾಲವಿಲ್ಲ. ಆಗಲಿ. ಆದರೆ ಹಸಿ ಮೆಣಸಿನಕಾಯಿಯನ್ನು ಒಣಗಿಸದೆ ಚೀಲಕ್ಕೆ ತುಂಬಿದರೆ ಬೂಸ್ಟು ಹಿಡಿಯುತ್ತದೆ. ಸ್ವಂತ ಅನುಭವದ್ದೂ ಅದೇ ಹಣೆಬರಹ.

ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ' ಕೂಸಿನ ಸಾವಿನಿಂದ ಹುಟ್ಟಿದ ಕವಿತೆ ಅಂತ ಎಲ್ಲರಿಗೂ ಗೊತ್ತು. ಒಳಗೆ ಹುಡುಕಿ ನೋಡ್ರಿ, ಕೂಸಿನ ಹೆಸರಿಲ್ಲ, ಯಾವ ಜಡ್ಡು ಅಂತಿಲ್ಲ. ಹೆಂಡತಿಯ ನೋಟ ತಾಳಲಾರದ ಗಂಡನ ಮಾತು ಇದೆ, ಅದೂ ಮನೆಮಾತಿನಲ್ಲಿ. ನಡೆದದ್ದರಲ್ಲಿ ಮುಕ್ಕಾಲು ಪಾಲು ಬಿಟ್ಟು ಒಂದು ನೋಟ ಹಿಡಿದುಕೊಂಡರು. ನಮ್ಮ ಹೊಸಬರು ಎಡವುವುದು ಇಲ್ಲೇ. ಹುಟ್ಟಿದಾಗಿನಿಂದ 'ಅವ್ವ' ಅಂದವರು ಕಥೆಗೆ ಕೂತೊಡನೆ 'ತಾಯಿ' ಅನ್ನುತ್ತಾರೆ. ಅರ್ಧ ಅನುಭವ ಅಲ್ಲೇ ಸೋರಿಹೋಗುತ್ತದೆ.

ಕಾರ್ನಾಡರ ದಾರಿ ಬೇರೆ. 1960ರಲ್ಲಿ ಆಕ್ಸ್‌ಫರ್ಡ್‌ಗೆ ಹೊರಡುವ ಹೊತ್ತಿನಲ್ಲಿ ಮನೆಯವರ ಮೇಲಿದ್ದ ಸಿಟ್ಟು 'ಯಯಾತಿ' ನಾಟಕದಲ್ಲಿ ಹೊರಬಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ಮರುವರ್ಷ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಅಚ್ಚು ಹಾಕಿತು. ಅಪ್ಪ ಮಗನ ಯೌವನ ಇಸಿದುಕೊಳ್ಳುವ ಕಥೆ ಆ ಸಿಟ್ಟಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತಿತ್ತು. ಅಷ್ಟಕ್ಕೇ ನಿಂತಿದ್ದರೆ ಇಪ್ಪತ್ತೆರಡರ ಹುಡುಗನ ತಕರಾರಾಗಿ ಉಳಿಯುತ್ತಿತ್ತು. ಅವರು ಮಹಾಭಾರತದಲ್ಲಿಲ್ಲದ ಚಿತ್ರಲೇಖೆಯನ್ನು ಆ ಮಗ ಪುರುವಿನ ಹೆಂಡತಿಯಾಗಿ ಕರೆತಂದರು. ಗಂಡನ ಯೌವನ ತೊಗೊಂಡವನು ಗಂಡನ ಹೊಣೆಯನ್ನೂ ಹೊರಬೇಕಲ್ಲ ಅಂತ ಆಕೆ ಮಾವನನ್ನೇ ನಿಲ್ಲಿಸಿ ಕೇಳುತ್ತಾಳೆ. ಆಗ ಮಗನ ತ್ಯಾಗಕ್ಕೂ ಲೆಕ್ಕ ಕೊಡಬೇಕಾಗುತ್ತದೆ. ನಾಟಕ ಗಟ್ಟಿಯಾದದ್ದು ಈ ಸೊಸೆಯಿಂದ ಅಂತ ನನ್ನ ವಾದ.

ಹಾಗಾಗಿ ಸ್ವಂತ ಜಗಳ ಬರೆದಾದ ಮೇಲೆ ಸಾಲು ಎಣಿಸಬೇಕು. 'ನಾನು' ಇಪ್ಪತ್ತು ಸಾಲು ಮಾತಾಡಿ ಅಪ್ಪ ಎರಡೇ ಸಾಲು ಗದರಿದ್ದರೆ ಅದು ಕಥೆಯಲ್ಲ, ಫಿರ್ಯಾದಿ. ಅದೇ ಜಗಳವನ್ನು ಅಪ್ಪನ ಬಾಯಲ್ಲಿ ಒಂದು ಪುಟ ಬರೆದು ನೋಡಬೇಕು. ಅದರಲ್ಲಿ ನಿಮಗೆ ಉತ್ತರ ಹೊಳೆಯದ ಒಂದು ಮಾತು ಸಿಕ್ಕೇ ಸಿಗುತ್ತದೆ. ಅದನ್ನು ಮೂಲಕ್ಕೆ ಸೇರಿಸಬೇಕು. ಸಿಗದಿದ್ದರೆ ಸಿಟ್ಟಿನ್ನೂ ಹಸಿ ಇದೆ, ಹಸ್ತಪ್ರತಿ ಕಪಾಟಿಗೆ ಹೋಗಲಿ.

ಹೆಸರು ಬದಲಿಸಿದರೆ ಗುರುತು ಹೋಗುವುದಿಲ್ಲ. ಓಣಿ, ನೌಕರಿ, ಒಂದು ಚಾಳಿ, ಈ ಮೂರು ಕೂಡಿದರೆ ಪಕ್ಕದ ಮನೆಯವರು ತಾವೇ ಅಂತ ಹಿಡಿದುಬಿಡುತ್ತಾರೆ. ಕನಿಷ್ಠ ಎರಡಾದರೂ ಬದಲಾಗಲಿ.

ನೌಕರಿ ಬದಲಿಸುವಾಗ ಇನ್ನೊಂದು ಪಜೀತಿ. ಬ್ಯಾಂಕಿನಲ್ಲಿರುವ ಲೇಖಕ ನಾಯಕನನ್ನು ಬ್ಯಾಡಗಿಯ ದಲಾಲಿ ಅಂಗಡಿಯ ಗುಮಾಸ್ತನನ್ನಾಗಿ ಮಾಡುತ್ತಾನೆ, ರವಿವಾರದ ರಜೆ ಮಾತ್ರ ತನ್ನದೇ ಉಳಿಸಿಕೊಳ್ಳುತ್ತಾನೆ. ಮೆಣಸಿನಕಾಯಿ ಸುಗ್ಗಿಯಲ್ಲಿ, ಜನವರಿಯಿಂದ ಮುಂದೆ, ಆ ಗುಮಾಸ್ತ ಚೀಲ, ತೂಕ, ಪಟ್ಟಿ, ಸೀನುಗಳ ನಡುವೆ ಸಿಕ್ಕಿಕೊಂಡಿರುತ್ತಾನೆ. ಅಪ್ಪನೊಡನೆ ಜಗಳಾಡಲು ಅವನಿಗೆ ಪುರುಸೊತ್ತೆಲ್ಲಿ? ಜಗಳ ಮಳೆಗಾಲಕ್ಕೆ ಸರಿಯಬೇಕಾಗುತ್ತದೆ. ಅಷ್ಟರಲ್ಲಿ ಸಿಟ್ಟು ಆರು ತಿಂಗಳು ಹಳತು, ಅಪ್ಪನಿಗೂ ಕೆಮ್ಮು ಹತ್ತಿರುತ್ತದೆ.