ಸತ್ಯಾಂಶ: ಎದೆನೋವಿಲ್ಲದಿದ್ದರೆ ಮಧುಮೇಹಿಯ ಹೃದಯ ಸುರಕ್ಷಿತವೇ?

‘ಮಧುಮೇಹದಿಂದ ಕಣ್ಣು, ಮೂತ್ರಪಿಂಡಗಳಿಗಷ್ಟೇ ತೊಂದರೆ, ಎದೆನೋವು ಬರುವವರೆಗೆ ಹೃದಯದ ಚಿಂತೆ ಬೇಡ’ ಎಂಬ ಸಂದೇಶವೊಂದು ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು ಮಾತ್ರವಲ್ಲ, ನಂಬಿದವರಿಗೆ ಅಪಾಯಕಾರಿಯೂ ಹೌದು.

ರಕ್ತನಾಳದ ಒಳಮೈಯಲ್ಲಿ ಒಂದೇ ಜೀವಕೋಶದಷ್ಟು ದಪ್ಪದ ನುಣುಪಾದ ಪದರವಿದ್ದು, ನಾಳವನ್ನು ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ಉತ್ಪತ್ತಿಯಾಗುವುದು ಅಲ್ಲಿಯೇ. ರಕ್ತದ ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿಯೇ ಉಳಿದರೆ ಈ ಪದರ ಹದಗೆಡುತ್ತದೆ. ಕೊಲೆಸ್ಟ್ರಾಲ್ ಒಳನುಸುಳಿ, ಉರಿಯೂತ ಉಂಟಾಗಿ, ನಾಳದ ಗೋಡೆ ದಪ್ಪಗಾಗಿ ಗಡುಸಾಗುತ್ತದೆ. ಹೀಗೆ ಶೇಖರವಾದ ಕೊಬ್ಬಿನ ಪದರ ಬಿರಿದು ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತವಾಗಬಹುದು, ಪಾರ್ಶ್ವವಾಯುವೂ ಆಗಬಹುದು. ಕಾಲಿನ ನಾಳಗಳು ಕಿರಿದಾದಾಗ ಸ್ವಲ್ಪ ದೂರ ನಡೆದೊಡನೆ ಮೀನಖಂಡ ಹಿಡಿದುಕೊಂಡು, ನಿಂತರೆ ನೋವು ಇಳಿಯುತ್ತದೆ. ಪಾದದ ಸಣ್ಣ ಗಾಯವೂ ಬೇಗ ಮಾಯುವುದಿಲ್ಲ.

ಇನ್ನು ನೋವಿನ ಮಾತು. ದೀರ್ಘಕಾಲದ ಮಧುಮೇಹವು ಹೃದಯದ ನೋವನ್ನು ಮಿದುಳಿಗೆ ತಿಳಿಸುವ ನರಗಳನ್ನೇ ಮಂಕಾಗಿಸಬಲ್ಲದು. ಆದ್ದರಿಂದ ಕೆಲವರಿಗೆ ಹೃದಯಾಘಾತವಾದಾಗಲೂ ಎದೆ ನೋಯುವುದಿಲ್ಲ. ಏದುಸಿರು, ತಣ್ಣನೆಯ ಬೆವರು, ವಾಕರಿಕೆ, ಕಾರಣವಿಲ್ಲದ ಸುಸ್ತು ಇಷ್ಟೇ ಕಾಣಬಹುದು. ಇವನ್ನು ಗ್ಯಾಸ್ಟ್ರಿಕ್ ಎಂದುಕೊಂಡು ರಾತ್ರಿ ಕಳೆಯುವುದು ಬೇಡ. ಇವು ಹಠಾತ್ತನೆ ಕಾಣಿಸಿಕೊಂಡರೆ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಬೇಕು.

ಹೃದಯ ವೈಫಲ್ಯಕ್ಕೂ (ದೇಹಕ್ಕೆ ಸಾಕಷ್ಟು ರಕ್ತವನ್ನು ಹೃದಯ ಪಂಪ್ ಮಾಡಲಾಗದ ಸ್ಥಿತಿ) ಮಧುಮೇಹಕ್ಕೂ ಇರುವ ಸಂಬಂಧ ಹಿಂದಿನಿಂದಲೂ ತಿಳಿದದ್ದೇ. ಮಧುಮೇಹಿಗಳಲ್ಲಿ ಅದರ ಸಾಧ್ಯತೆ ಗಂಡಸರಿಗೆ ಸುಮಾರು 2 ಪಟ್ಟು, ಹೆಂಗಸರಿಗೆ ಸುಮಾರು 5 ಪಟ್ಟು ಹೆಚ್ಚೆಂದು ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನ 1974ರಲ್ಲಿಯೇ ವರದಿ ಮಾಡಿತ್ತು.

ಸಕ್ಕರೆಯೊಂದೇ ಹತೋಟಿಯಲ್ಲಿದ್ದರೆ ಸಾಲದು. ರಕ್ತದೊತ್ತಡ, ಕೊಲೆಸ್ಟ್ರಾಲ್, ಮೂತ್ರದಲ್ಲಿನ ಆಲ್ಬುಮಿನ್ ಎಂಬ ಪ್ರೋಟೀನ್ ಇವುಗಳ ಪರೀಕ್ಷೆಯನ್ನು ಆರೋಗ್ಯವಾಗಿರುವಾಗಲೇ ನಿಯಮಿತವಾಗಿ ಮಾಡಿಸಬೇಕು. ಧೂಮಪಾನಿಗಳು ಅದನ್ನು ಪೂರ್ತಿ ಬಿಡಬೇಕು.