ಕೀ ಸೆಕ್ಯುರಿಟಿ ಹತ್ರ ಇದೆ

ದೊಡ್ಡ ದೊಡ್ಡ ಕಟ್ಟಡಗಳ ಬಾಗಿಲಲ್ಲಿ ಈಗ ಒಂದು ಬೋರ್ಡು ಗ್ಯಾರಂಟಿ: 'ಇದು ಶಿಶುಸ್ನೇಹಿ ಸ್ಥಳ'. ಪಕ್ಕದಲ್ಲಿ ಗುಂಡುಗುಂಡಗೆ ನಗುವ ಒಂದು ಕೂಸಿನ ಚಿತ್ರ. ಈ ಚಿತ್ರವನ್ನು ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಒಳಗಿನ ಸಕಲ ವ್ಯವಸ್ಥೆಯನ್ನೂ ಮಾಡಿರುವುದು ಈ ಕೂಸಿಗಾಗಿ. ಅದು ಹಾಲು ಕುಡಿಯುವುದಿಲ್ಲ, ಉಚ್ಚೆ ಹೊಯ್ಯುವುದಿಲ್ಲ, ಅಳುವುದಿಲ್ಲ. ಸೊಂಟದ ಕೆಳಗೆ ಅದಕ್ಕೆ ದೇಹವೇ ಇಲ್ಲ. ಕಲಾವಿದರು ಅಲ್ಲಿಗೇ ನಿಲ್ಲಿಸಿದ್ದಾರೆ. ಇಂಥ ಕೂಸನ್ನು ಎಷ್ಟು ಬೇಕಾದರೂ ಕರೆತನ್ನಿ, ಯಾವ ಆಡಳಿತ ಮಂಡಳಿಯೂ ತಕರಾರು ಮಾಡುವುದಿಲ್ಲ.

ತಕರಾರು ಶುರುವಾಗುವುದು ಹೆತ್ತವರು ನಿಜವಾದ ಕೂಸನ್ನು ಎತ್ತಿಕೊಂಡು ಬಂದಾಗ. ಎಳೆಯ ಕೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ, ಅಂದರೆ ಎರಡು-ಮೂರು ಗಂಟೆಗೊಮ್ಮೆ. ಈ ಗಂಟೆಗಳನ್ನು ಎಣಿಸುವುದು ಹಿಂದಿನ ಸಲ ಕುಡಿಯಲು ಶುರು ಮಾಡಿದ ಹೊತ್ತಿನಿಂದ, ಮುಗಿಸಿದ ಹೊತ್ತಿನಿಂದಲ್ಲ. ಕುಡಿಯಲು ಅರ್ಧ ಗಂಟೆ, ತೇಗು ಬರಿಸಿ ಬಟ್ಟೆ ಬದಲಿಸಲು ಕಾಲು ಗಂಟೆ ಎಂದುಕೊಂಡರೂ ಮನೆಯವರ ಕೈಗೆ ಉಳಿಯುವುದು ಒಂದೂಕಾಲು ಗಂಟೆಯಿಂದ ಎರಡೂಕಾಲು ಗಂಟೆ. ಅಷ್ಟರಲ್ಲೇ ಹೊರಡಬೇಕು, ತಲುಪಬೇಕು, ಗಾಡಿ ನಿಲ್ಲಿಸಲು ಜಾಗ ಹುಡುಕಬೇಕು, ಬಂದ ಕೆಲಸ ಮುಗಿಸಬೇಕು. ಹೊರಗೆ ಹೋದರೆ ಒಂದು ಸಲವಾದರೂ ಹಾಲು, ಒಂದು ಸಲವಾದರೂ ಡೈಪರ್ ತಪ್ಪಿದ್ದಲ್ಲ. ಇದು ಹೆತ್ತವರಿಗೆ ಗೊತ್ತು, ಕೂಸಿಗಂತೂ ಚೆನ್ನಾಗಿಯೇ ಗೊತ್ತು. ಗೊತ್ತಿಲ್ಲದಿರುವುದು ಕಟ್ಟಡ ಕಟ್ಟಿದವರಿಗೆ.

ಒಳಗೆ ಹೋಗುವ ದಾರಿಯಿಂದಲೇ ನೋಡಿ. ನಾಲ್ಕು ತಿಂಗಳ ಹೊತ್ತಿಗೆ ಕತ್ತು ನಿಲ್ಲುವವರೆಗೆ, ಇನ್ನೂ ಸರಿಯಾಗಿ ಹೇಳಬೇಕೆಂದರೆ ಆರು ತಿಂಗಳ ಸುಮಾರಿಗೆ ಕೂರುವವರೆಗೆ, ಕೂಸನ್ನು ತಳ್ಳುವ ಗಾಡಿಯಲ್ಲಿ ಚಪ್ಪಟೆಯಾಗಿ ಮಲಗಿಸಿಯೇ ಒಯ್ಯಬೇಕು. ಕೂರಿಸಿದರೆ ತಲೆ ಮುಂದಕ್ಕೆ ಜೋತು ಗಲ್ಲ ಎದೆಗೆ ಒತ್ತಿ ಉಸಿರಿನ ದಾರಿ ಕಿರಿದಾಗುತ್ತದೆ. ಹಾಗಾಗಿ ಗಾಡಿ ಉದ್ದ, ಅದಕ್ಕೆ ಇಳಿಜಾರು ಬೇಕು. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಎನ್ನುವುದು ಇಳಿಜಾರಿನ ಪ್ರಸಿದ್ಧ ಅಳತೆ. ಎರಡು ಮೆಟ್ಟಿಲಿನ ಎತ್ತರವನ್ನು ಮೂರೇ ಅಡಿಯಲ್ಲಿ ಹತ್ತಿಸುವ ಇಳಿಜಾರು ಮಾಡಿ, ಅದರ ತುದಿಯಲ್ಲಿ ಹೂಕುಂಡ ಇಟ್ಟವರು ಕೂಸಿಗಿಂತ ಹೂವಿಗೆ ಹೆಚ್ಚು ಸ್ನೇಹಿತರು. ಎಸ್ಕಲೇಟರಿನ ಮುಂದೆ 'ಮಕ್ಕಳ ಗಾಡಿ ನಿಷೇಧ' ಎಂದು ಬರೆದಿರುವುದು ಮಾತ್ರ ಸರಿಯೇ. ಮೆಟ್ಟಿಲು ಒಳಸೇರುವ ಕಡೆ ಮುಂದಿನ ಚಕ್ರ ಸಿಕ್ಕಿಕೊಳ್ಳುತ್ತದೆ. ಲಿಫ್ಟಿಗೆ ಹೋಗಿ ಎಂದು ಬಾಣ ತೋರಿಸುತ್ತದೆ. ಲಿಫ್ಟ್ ಬಾಗಿಲು ತೆರೆಯುತ್ತದೆ, ಒಂದು ಮಹಡಿ ಇಳಿಯಲು ಹತ್ತಿದ ಎಂಟು ಜನ ಗಟ್ಟಿಮುಟ್ಟಾದವರು ಗಾಡಿಯನ್ನು ನೋಡಿ ಪ್ರೀತಿಯಿಂದ ನಗುತ್ತಾರೆ, ಬಾಗಿಲು ಮುಚ್ಚುತ್ತದೆ.

ಬಾಗಿಲಲ್ಲಿ ಬ್ಯಾಗ್ ತಪಾಸಣೆ. ಬಾಟಲಿ ಹಾಲಿನ ಕೂಸಾದರೆ ಇಲ್ಲಿ ಒಂದು ಸೊಗಸಾದ ಪ್ರಹಸನ ಖಾತ್ರಿ. ಹಾಲಿನ ಪುಡಿ ಸೂಕ್ಷ್ಮಾಣುಮುಕ್ತವಲ್ಲ, ಡಬ್ಬಿ ಹೊಸದಾಗಿದ್ದರೂ ಅಲ್ಲ. ಅದಕ್ಕಾಗಿಯೇ 70 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆಯಿಲ್ಲದ ಬಿಸಿನೀರಲ್ಲಿ ಕಲಸಿ, ಆಮೇಲೆ ಬಾಟಲಿಯನ್ನು ತಣ್ಣೀರಲ್ಲಿ ಹಿಡಿದು ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ ಕೊಡಬೇಕು. ಕಲಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಇಡಬಾರದು. ಹೀಗಾಗಿ ತಿಳಿದವರು ಮನೆಯಲ್ಲಿ ಕಲಸಿ ತರುವುದಿಲ್ಲ. ಫ್ಲಾಸ್ಕಿನಲ್ಲಿ ಕುದಿಸಿದ ನೀರು, ಪುಟ್ಟ ಡಬ್ಬಿಯಲ್ಲಿ ಅಳೆದಿಟ್ಟ ಪುಡಿ, ತೊಳೆದು ಕುದಿಸಿದ ಖಾಲಿ ಬಾಟಲಿ, ಮೂರನ್ನೂ ಬೇರೆ ಬೇರೆ ತರುತ್ತಾರೆ. ತಪಾಸಣೆಯವರ ಕಣ್ಣಿಗೆ ಕಾಣುವುದು ಹೆಸರಿಲ್ಲದ ಡಬ್ಬಿಯಲ್ಲಿ ಬಿಳಿ ಪುಡಿ.

"ಮೇಡಂ, ಹೊರಗಿನ ಫುಡ್ ಅಲೋ ಇಲ್ಲ."

"ಮಗೂಗೆ ಎರಡು ತಿಂಗಳು ಕಣಪ್ಪ. ಒಳಗೆ ಹಾಲು ಸಿಗುತ್ತಾ?"

"ಪಾಪ್‌ಕಾರ್ನ್ ಸಿಗುತ್ತೆ ಮೇಡಂ."

ಆರು ತಿಂಗಳವರೆಗೆ ಹಾಲು ಬಿಟ್ಟು ಬೇರೇನೂ ಕೊಡಬಾರದು, ನೀರು ಕೂಡ. ಆದರೆ ನಿಯಮ ನಿಯಮವೇ. ಹಿಂಡಿ ತಂದ ಎದೆಹಾಲಿನ ಪಾಡೂ ಇದೇ. ಅದು 25 ಡಿಗ್ರಿಯೊಳಗಿನ ಕೋಣೆಯಲ್ಲಿ ನಾಲ್ಕು ಗಂಟೆ, ಹೆಪ್ಪುಗಟ್ಟಿಸಿದ ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ 24 ಗಂಟೆ ಕೆಡದೆ ಇರುತ್ತದೆ. ತಾಯಿಯ ಮೈಯಲ್ಲಿದ್ದಾಗ ಅದಕ್ಕೆ ಬಾಗಿಲಲ್ಲಿ ತಡೆಯಿಲ್ಲ. ಬಾಟಲಿಗೆ ಇಳಿದಿತೋ, ಆ ಕ್ಷಣದಿಂದ ಹೊರಗಿನ ಪದಾರ್ಥ.

ಇನ್ನು 'ಹಾಲುಣಿಸುವ ಕೊಠಡಿ'. ಶಿಶುಸ್ನೇಹದ ಕಿರೀಟವಿದು, ನಿಧಾನವಾಗಿಯೇ ನೋಡೋಣ.

ಕೂಸು ಹಸಿದ ಕೂಡಲೇ ಅಳುವುದಿಲ್ಲ. ಮೊದಲು ತಲೆ ಆ ಕಡೆ ಈ ಕಡೆ ಹೊರಳಿಸುತ್ತದೆ, ಬಾಯಿ ತೆರೆದು ಹುಡುಕುತ್ತದೆ, ಮುಷ್ಟಿ ಚೀಪುತ್ತದೆ. ಅಳು ಕೊನೆಯ ನೋಟಿಸು. ಮುಷ್ಟಿ ಬಾಯಿಗೆ ಹೋದಾಗಲೇ ತಾಯಿ ಬಾಣದ ಗುರುತು ಹಿಡಿದು ಹೊರಡುತ್ತಾಳೆ. ಬಾಣ ಶೌಚಾಲಯ ದಾಟಿಸಿ, ಜನರೇಟರ್ ಕೋಣೆ ದಾಟಿಸಿ, ಒಂದು ಬೀಗದ ಮುಂದೆ ನಿಲ್ಲಿಸುತ್ತದೆ. ಬಾಗಿಲಿಗೆ ಅಂಟಿಸಿದ ಚೀಟಿ: 'ಕೀ ಸೆಕ್ಯುರಿಟಿ ಹತ್ರ ಇದೆ'. ಸೆಕ್ಯುರಿಟಿ ಇರುವುದು ಮುಖ್ಯ ದ್ವಾರದಲ್ಲಿ, ಅಂದರೆ ಹೊರಟ ಜಾಗದಲ್ಲಿ. ಅಲ್ಲಿ ಇದ್ದವರು ಊಟಕ್ಕೆ ಹೋಗಿದ್ದಾರೆ. ಬಂದ ಮೇಲೆ ಕೀ ಕೊಡುವ ಮುಂಚೆ ರಿಜಿಸ್ಟರ್ ಕೊಡುತ್ತಾರೆ: ಹೆಸರು, ಫೋನ್ ನಂಬರ್, ಒಳಹೋದ ಸಮಯ, ಹೊರಬಂದ ಸಮಯ, ಉದ್ದೇಶ. ಉದ್ದೇಶದ ಕಾಲಂನಲ್ಲಿ ಮೊದಲು ಬಂದ ಪುಣ್ಯಾತ್ಮಳೊಬ್ಬಳು 'ಪರ್ಸನಲ್' ಎಂದು ಬರೆದಿದ್ದಾಳೆ. ಅದರ ಕೆಳಗೆ ಪುಟದುದ್ದಕ್ಕೂ ಡಿಟ್ಟೋ.

ಅಷ್ಟು ಹೊತ್ತಿಗೆ ಕೂಸು ಕೊನೆಯ ನೋಟಿಸು ಜಾರಿ ಮಾಡಿರುತ್ತದೆ. ಅಳು ಕೇಳಿದರೆ ಸಾಕು, ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಹರಿದು ಹಾಲು ತಾನಾಗಿ ಇಳಿಯುತ್ತದೆ. ಅದು ರಿಜಿಸ್ಟರಿನ ಸಹಿಗೆ ಕಾಯುವುದಿಲ್ಲ, ಸೀದಾ ಬಟ್ಟೆ ತೋಯಿಸುತ್ತದೆ. ಈ ಕಡೆ ಅಳುವ ಕೂಸಿನ ನಾಲಗೆ ಅಂಗುಳಕ್ಕೆ ಏರಿರುತ್ತದೆ, ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿರುತ್ತದೆ. ಎದೆಗೆ ಹಿಡಿದರೂ ಕಚ್ಚಿಕೊಳ್ಳುವುದಿಲ್ಲ. ಮೊದಲು ಹೆಗಲಿಗೆ ಹಾಕಿಕೊಂಡು ತಟ್ಟಿ ಸುಮ್ಮನಾಗಿಸಬೇಕು. ಆಮೇಲೆ ಗಬಗಬ ಕುಡಿಯುವಾಗ ಹಾಲಿನ ಜೊತೆ ಗಾಳಿಯನ್ನೂ ನುಂಗುತ್ತದೆ, ಹಾಗಾಗಿ ನಡುನಡುವೆ ನಿಲ್ಲಿಸಿ ತೇಗು ಬರಿಸಬೇಕು. ಆದರೂ ಅರ್ಧ ಕುಡಿದದ್ದು ಹೆಗಲ ಮೇಲೆ ವಾಪಸ್. ಹತ್ತು ನಿಮಿಷ ತಡವಾದ ಕೀ ಮುಕ್ಕಾಲು ಗಂಟೆ ತಿನ್ನುವುದು ಹೀಗೆ.

ಕೊಠಡಿಯ ಒಳಗೆ? ಕಾಲು ಮುರಿದ ಕುರ್ಚಿಗಳು, ನೆಲ ಒರೆಸುವ ಬಕೆಟ್ಟು, ಇದೇ ಕೊಠಡಿಯ ಉದ್ಘಾಟನೆಯ ಬ್ಯಾನರು. ಹಾಲುಣಿಸುವವರಿಗೆ ಬೆನ್ನಿಗೆ ಆನಿಕೆ, ಮೊಣಕೈ ಊರಲು ಕೈ, ಪಾದ ನೆಲ ಮುಟ್ಟುವಷ್ಟು ಎತ್ತರ ಇರುವ ಕುರ್ಚಿ ಬೇಕು. ಇಟ್ಟಿರುವುದು ಕೈಯಿಲ್ಲದ, ಚಕ್ರವಿರುವ ಆಫೀಸು ಕುರ್ಚಿ. ಕೂಸು ಒದ್ದಂತೆಲ್ಲ ಗೋಡೆಯ ಕಡೆ ಸಾಗುತ್ತದೆ. ಬ್ರೆಸ್ಟ್ ಪಂಪ್ ಹಾಕಲು ಪ್ಲಗ್ ಪಾಯಿಂಟ್ ಇದೆ, ಸೂರಿನ ಪಕ್ಕದಲ್ಲಿ, ಎಂದೋ ತೆಗೆದುಹಾಕಿದ ಟೀವಿಗಾಗಿ. ಇದನ್ನು ಬರೀ ತಮಾಷೆ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ 2018ರಲ್ಲಿ ಮಧ್ಯಮ ಮತ್ತು ದೊಡ್ಡ ವಿಮಾನ ನಿಲ್ದಾಣಗಳಿಗಾಗಿ ಒಂದು ಕಾನೂನನ್ನೇ ಮಾಡಿದರು: ಹಾಲುಣಿಸುವ ಜಾಗದಲ್ಲಿ ಕೂರಲು ಆಸನ, ಒಂದು ಮೇಜು, ವಿದ್ಯುತ್ ಪ್ಲಗ್, ಒಳಗಿನಿಂದ ಹಾಕಿಕೊಳ್ಳುವ ಬಾಗಿಲು ಇರಬೇಕು; ಮತ್ತು ಅದು ಶೌಚಾಲಯದ ಒಳಗೆ ಇರಕೂಡದು. ಕೊನೆಯ ಮಾತನ್ನು ಶಾಸನಸಭೆ ಬಿಡಿಸಿ ಬರೆಯಬೇಕಾಯಿತು ಎಂದರೆ ಬರೆಯದಿದ್ದರೆ ಏನು ಕಟ್ಟುತ್ತಿದ್ದರು ಎಂದು ನೀವೇ ಊಹಿಸಿ.

ಡೈಪರ್ ಬದಲಿಸುವ ಹಲಗೆಯದು ಇನ್ನೊಂದು ಪುರಾಣ. ಅದು ಹೆಂಗಸರ ಶೌಚಾಲಯದಲ್ಲಿ ಮಾತ್ರ. ಗಂಡಸಿನ ಕೈಯಲ್ಲಿರುವ ಕೂಸು ಕಕ್ಕ ಮಾಡುವುದಿಲ್ಲ ಎಂಬುದು ಇಲ್ಲಿನ ವೈಜ್ಞಾನಿಕ ತಳಹದಿ. ಅಪ್ಪಂದಿರ ಶೌಚಾಲಯದಲ್ಲೂ ಹಲಗೆ ಇರಲಿ ಎನ್ನಲು ಅದೇ ಅಮೆರಿಕಕ್ಕೆ 2016ರಲ್ಲಿ ಇನ್ನೊಂದು ಕಾನೂನು ಬೇಕಾಯಿತು, ಅದೂ ಸಾರ್ವಜನಿಕರು ಬಂದುಹೋಗುವ ಕೇಂದ್ರ ಸರ್ಕಾರಿ ಕಟ್ಟಡಗಳಿಗಷ್ಟೇ. ಉಳಿದ ಕಡೆ ಅಪ್ಪ ಎನಿಸಿಕೊಂಡವನು ಕಾರಿನ ಡಿಕ್ಕಿಯ ಮೇಲೋ, ತನ್ನ ತೊಡೆಯ ಮೇಲೋ ಕೆಲಸ ಮುಗಿಸಬೇಕು.

ಹಲಗೆ ಇರುವ ಕಡೆ ಅದನ್ನು ಎಲ್ಲಿ ಹೊಡೆದಿದ್ದಾರೆ ನೋಡಿ: ಕೈ ಒಣಗಿಸುವ ಯಂತ್ರದ ಪಕ್ಕಕ್ಕೇ. ಯಂತ್ರಕ್ಕೆ ಸೆನ್ಸರ್ ಇದೆ, ಕೂಸಿಗೆ ಕಾಲಿದೆ. ಕಾಲು ಬೀಸಿತು, ಯಂತ್ರ ಗರ್ಜಿಸಿತು. ಈ ಯಂತ್ರಗಳ ಸದ್ದನ್ನು ಮಕ್ಕಳ ಕಿವಿಯ ಎತ್ತರದಲ್ಲಿ ಅಳೆದು, ಕೆಲವು 100 ಡೆಸಿಬಲ್ ದಾಟುತ್ತವೆ ಎಂದು 2019ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ್ದು ಕೆನಡಾದ 13 ವರ್ಷದ ಹುಡುಗಿ, ನೋರಾ ಕೀಗನ್. ದೊಡ್ಡವರಿಗೆ ಕೇಳಿಸಿರಲಿಲ್ಲ. ಸದ್ದಿಗೆ ಎಳೆಗೂಸು ಬೆಚ್ಚಿ ಎರಡೂ ಕೈ ಚಾಚುತ್ತದೆ. ಬಿಚ್ಚಿದ ಡೈಪರ್, ಮೇಲೆ ತಣ್ಣನೆ ಗಾಳಿ, ಇಷ್ಟಾದರೆ ಕಾರಂಜಿಗೆ ಬೇರೆ ಮುಹೂರ್ತ ಬೇಡ. ಬಲ್ಲವರು ಡೈಪರ್ ಬಿಚ್ಚಿದ ತಕ್ಷಣ ಅದರ ಮೇಲೊಂದು ಒರೆಸುವ ಬಟ್ಟೆ ಮುಚ್ಚುತ್ತಾರೆ. ಹೊಸ ಡೈಪರನ್ನು ಹಳೆಯದು ಬಿಚ್ಚುವ ಮೊದಲೇ ಕೆಳಗೆ ಹಾಸಿರುತ್ತಾರೆ. ಒಂದು ಕೈ ಸದಾ ಹೊಟ್ಟೆಯ ಮೇಲೆ, ಯಾಕೆಂದರೆ ಹಲಗೆಯ ಬೆಲ್ಟು ಕಿತ್ತುಹೋಗಿ ಬರೀ ಬಕಲ್ ನೇತಾಡುತ್ತಿರುತ್ತದೆ.

ಹಿಂದಿನಿಂದ ಬೆನ್ನುದ್ದಕ್ಕೂ ಹರಿದು ಬರುವ ಮಹಾಪ್ರವಾಹ ಹೊರಗೆ ಹೋದಾಗಲೇ ಆಗುವುದು ಏಕೆ ಎಂಬುದಕ್ಕೆ ಕಾರಣವಿದೆ. ಕಾರಿನ ಸೀಟಿನಲ್ಲಿ ಒರಗಿ ಕೂತ ಕೂಸಿನ ಭಾರವೆಲ್ಲ ಕುಂಡೆಯ ಮೇಲೆ ಬಿದ್ದು, ಕಕ್ಕಕ್ಕೆ ಉಳಿಯುವ ಒಂದೇ ದಾರಿ ಮೇಲ್ಮುಖ. ಡೈಪರ್ ಅಳತೆ ಚಿಕ್ಕದಾಗಿದ್ದರೆ, ತೊಡೆಯ ಸುತ್ತಲಿನ ನೆರಿಗೆ ಒಳಕ್ಕೆ ಮಡಿಚಿಕೊಂಡಿದ್ದರೆ ಕೇಳುವುದೇ ಬೇಡ. ಕಟ್ಟಿದ ಮೇಲೆ ಬೆರಳು ಹಾಕಿ ನೆರಿಗೆಯನ್ನು ಸುತ್ತಲೂ ಹೊರಕ್ಕೆ ಎಳೆಯಬೇಕು. ಆದದ್ದು ಆಗಿಹೋದರೆ ಅಂಗಿಯನ್ನು ತಲೆಯ ಮೇಲಿಂದ ತೆಗೆಯಬೇಡಿ. ಕೂಸಿನ ಅಂಗಿಯ ಹೆಗಲಲ್ಲಿ ಒಂದರ ಮೇಲೊಂದು ಮಡಿಕೆ ಇರುವುದು ಚೆಂದಕ್ಕಲ್ಲ. ಕೊರಳನ್ನು ಅಗಲಿಸಿ ಅಂಗಿಯನ್ನು ಹೆಗಲಿನಿಂದ ಕಾಲಿನ ಕಡೆ ಎಳೆದು ತೆಗೆಯಲಿ ಎಂದು. ಒಂದು ಜೊತೆ ಬಟ್ಟೆ ಕೂಸಿಗೆ, ಒಂದು ಅಂಗಿ ಎತ್ತಿಕೊಂಡವರಿಗೆ ಚೀಲದಲ್ಲಿರಬೇಕು. ಎರಡನೆಯದನ್ನೇ ಎಲ್ಲರೂ ಮರೆಯುವುದು. ಇಷ್ಟೆಲ್ಲ ಮುಗಿಸಿ ಸುತ್ತಿದ ಡೈಪರ್ ಹಿಡಿದು ತಿರುಗಿದರೆ ಕಸದ ಬುಟ್ಟಿಯ ಮೇಲೆ ಬರಹ: 'ಇಲ್ಲಿ ಡೈಪರ್ ಹಾಕಬಾರದು'. ಬೇರೆ ಬುಟ್ಟಿ ಇಲ್ಲ.

ಕಟ್ಟಡ ಮರೆತಿದ್ದನ್ನು ಸಾರ್ವಜನಿಕರು ಉಪದೇಶದಿಂದ ತುಂಬಿಕೊಡುತ್ತಾರೆ. ಒಬ್ಬರು ಬಂದು ಪಾದ ಮುಟ್ಟಿ "ಅಯ್ಯೋ, ತಣ್ಣಗಿದೆ, ಹೊದಿಸಮ್ಮ" ಎನ್ನುತ್ತಾರೆ. ಹತ್ತು ಹೆಜ್ಜೆ ಆಚೆ ಇನ್ನೊಬ್ಬರು "ಹೀಗೆ ಸುತ್ತಿದರೆ ಮಗು ಬೇಯಲ್ವೇನಮ್ಮ?" ಎನ್ನುತ್ತಾರೆ. ಎಳೆಗೂಸಿನ ಕೈಕಾಲು ಸಾಮಾನ್ಯವಾಗಿ ತಣ್ಣಗೇ ಇರುತ್ತವೆ. ನೋಡಬೇಕಾದದ್ದು ಕತ್ತಿನ ಹಿಂಭಾಗ ಅಥವಾ ಎದೆ. ಮೂರನೆಯವರು ಬಿಸಿಲಿಗೆಂದು ಗಾಡಿಯ ಮೇಲೆ ಬಟ್ಟೆ ಮುಚ್ಚಿ ಪುಣ್ಯ ಕಟ್ಟಿಕೊಳ್ಳುತ್ತಾರೆ, ಒಳಗೆ ಗಾಳಿಯಾಡದೆ ಸೆಕೆ ಏರುತ್ತದೆ. ನಾಲ್ಕನೆಯವರು ಕೆಮ್ಮುತ್ತಲೇ ಬಂದು ಕೆನ್ನೆಗೆ ಮುತ್ತಿಡುತ್ತಾರೆ. ನಾಯಿಕೆಮ್ಮಿನ ಲಸಿಕೆಯ ಮೊದಲ ಮೂರು ಡೋಸ್ ಅನೇಕ ಕಡೆ 6, 10, 14ನೇ ವಾರದಲ್ಲಿ. ಅಲ್ಲಿಯವರೆಗೆ ರಕ್ಷಣೆ ಅರೆಬರೆ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮನೆಮದ್ದಿನ ಮಾತಿಲ್ಲ, ನೇರ ಆಸ್ಪತ್ರೆ. ಮುತ್ತಿಟ್ಟವರು ಅಲ್ಲಿಗೆ ಬರುವುದಿಲ್ಲ.

ಇಷ್ಟಾಗಿಯೂ ಹೊರಡುವವರು ಒಂದು ಕೆಲಸ ಮಾಡಬಹುದು. ಹೊರಡುವ ಮುಂಚೆ ಕಟ್ಟಡಕ್ಕೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಹಾಲುಣಿಸುವ ಕೊಠಡಿಯ ಕೀ ಯಾರ ಹತ್ತಿರ ಇರುತ್ತದೆ? ಅವರು ಊಟಕ್ಕೆ ಹೋಗುವುದು ಎಷ್ಟು ಗಂಟೆಗೆ? ಡೈಪರ್ ಬದಲಿಸುವ ಹಲಗೆ ಗಂಡಸರ ಕಡೆಯೂ ಇದೆಯಾ?

ಆ ಕಡೆಯವರು ಸ್ವಲ್ಪ ಹೊತ್ತು ಹೋಲ್ಡ್ ಮಾಡಿಸಿ, ಯಾರನ್ನೋ ಕೇಳಿಕೊಂಡು ಬಂದು ಬಹಳ ವಿನಯದಿಂದ ಹೇಳುತ್ತಾರೆ: "ಮಕ್ಕಳದ್ದಾ ಸಾರ್? ಆಟದ ಸಾಮಾನು ಮೂರನೇ ಮಹಡಿ."