ಕಾವಲಿಯ ಮೇಲಿನ ಕೈಗಾರಿಕೆ

2025ರ ಜುಲೈ ತಿಂಗಳಲ್ಲಿ ನಮ್ಮ ವಾಣಿಜ್ಯ ತೆರಿಗೆ ಇಲಾಖೆಗೆ ದಿವ್ಯದೃಷ್ಟಿ ಪ್ರಾಪ್ತವಾಯಿತು. ಯುಪಿಐ ಲೆಕ್ಕಗಳನ್ನು ತರಿಸಿಕೊಂಡು ಕುಳಿತ ಅಧಿಕಾರಿಗಳಿಗೆ, ಅಲ್ಲಿಯವರೆಗೆ ಬರೀ ಬೇಕರಿ, ಕಾಂಡಿಮೆಂಟ್ಸ್ ಎಂದು ತೋರುತ್ತಿದ್ದ ಜಾಗಗಳಲ್ಲೆಲ್ಲ ಕೋಟ್ಯಧೀಶರು ಕಾಣಿಸಿಕೊಂಡರು. ನಾಲ್ಕು ವರ್ಷಗಳಲ್ಲಿ 1.63 ಕೋಟಿ ರೂಪಾಯಿಯ ವಹಿವಾಟು ನಡೆಸಿದ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸು ಹೋಯಿತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲವೆಂಬ ಕ್ಷುಲ್ಲಕ ಸಂಗತಿ ಮಾತ್ರ ಆ ದೃಷ್ಟಿಗೆ ಬೀಳಲಿಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಇಳಿದು ‘ನಗದು ಮಾತ್ರ’ ಎಂಬ ಚೀಟಿ ಏರಿತು. ಬಂದ್ ಕರೆಯ ಬಿಸಿ ತಟ್ಟಿದ ಮೇಲೆ ಮುಖ್ಯಮಂತ್ರಿಗಳು ಸಭೆ ಕರೆದು ಹಳೆಯ ಬಾಕಿ ಕೇಳುವುದಿಲ್ಲವೆಂದರು.

ಅಂಗಡಿಯವರಿಗಾದರೂ ಎಳೆಯಲು ಶಟರ್ ಇದೆ, ಕೂಗಲು ಸಂಘವಿದೆ. ಬಸವನಗುಡಿಯಿಂದ ವಿಜಯನಗರದವರೆಗೆ ಮನೆಮನೆಗಳಲ್ಲಿ ಒಬ್ಬಟ್ಟು ತಟ್ಟುವ, ಸೀರೆಗೆ ಕುಚ್ಚು ಕಟ್ಟುವ, ಸಾರಿನ ಪುಡಿ ಕುಟ್ಟಿಸಿ ಮಾರುವ ಹೆಂಗಸರಿಗೆ ಎರಡೂ ಇಲ್ಲ. ಅವರಲ್ಲಿ ಬಹುತೇಕರಿಗೆ ನೋಟಿಸು ಬರಲಿಲ್ಲ, ಭಯ ಮಾತ್ರ ತಪ್ಪದೆ ಬಂದಿತು. ಅದಕ್ಕೆ ಕಾರಣವೂ ಇತ್ತು. ಒಬ್ಬಟ್ಟಿನ ಅಮ್ಮನೊಬ್ಬರ ಪಾಸ್‌ಬುಕ್ಕಿನ ಒಂದು ಪುಟವನ್ನು ಊಹಿಸಿಕೊಳ್ಳಿ: ಗೃಹಪ್ರವೇಶದ ಕಾಯೊಬ್ಬಟ್ಟಿಗೆ ಬಂದ ಮುಂಗಡ, ಅದರ ಕೆಳಗೆ ಎದುರುಮನೆಯವರು ಹಾಕಿದ ಚೀಟಿಯ ಕಂತು, ಮಗ ಹೈದರಾಬಾದಿನಿಂದ ಕಳುಹಿಸಿದ ಮನೆಬಾಡಿಗೆ, ನಾದಿನಿ ಹಿಂದಿರುಗಿಸಿದ ಕೈಸಾಲ. ಇವರ ಪಾಲಿಗೆ ಅದು ಸಂಸಾರ. ಗಣಕಯಂತ್ರದ ಪಾಲಿಗೆ ಇಡೀ ಪುಟವೇ ಮಾರಾಟ. ವರ್ಷದ ವಹಿವಾಟು ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯವಂತೆ. ಮದುವೆ ಮನೆಗೇ ಹೋಗಿ, ಬಿಸಿ ಕಾವಲಿಯ ಮುಂದೆ ನಿಂತು, ಎಲೆಗೆ ಬಡಿಸುವಂತೆ ಮಾಡಿಕೊಟ್ಟ ಒಬ್ಬಟ್ಟು ಸರಕೋ ಸೇವೆಯೋ ಎಂಬುದನ್ನು ತುಪ್ಪ ಆರುವುದರೊಳಗೆ ತೀರ್ಮಾನಿಸಬಲ್ಲ ಪಂಡಿತರು ಯಾರಾದರೂ ಇದ್ದರೆ ಅವರಿಗೆ ನನ್ನ ನಮಸ್ಕಾರ.

ಸರ್ಕಾರಕ್ಕೆ ಒಂದೇ ಕಣ್ಣಿದ್ದಿದ್ದರೆ ಹೇಗೋ ಸುಧಾರಿಸಿಕೊಳ್ಳಬಹುದಿತ್ತು. ತೆರಿಗೆ ಇಲಾಖೆಗೆ ವರ್ತಕಿಯಾಗಿ ಕಾಣುವ ಅದೇ ಅಮ್ಮ ಸಾಲ ಕೇಳಲು ಬ್ಯಾಂಕಿನ ಮೆಟ್ಟಿಲು ಹತ್ತಿದೊಡನೆ ಅದೃಶ್ಯರಾಗುತ್ತಾರೆ, ಏಕೆಂದರೆ ಅಲ್ಲಿ ಕೇಳುವ ಅಂಗಡಿ ಬಾಡಿಗೆ ಕರಾರಾಗಲಿ, ಟ್ರೇಡ್ ಲೈಸೆನ್ಸ್ ಆಗಲಿ ಅವರ ಬಳಿ ಇರುವುದಿಲ್ಲ. ಇಂಥವರಿಗೆಂದೇ 2023ರಲ್ಲಿ ಕೇಂದ್ರ ಸರ್ಕಾರ, ಜಿಎಸ್‌ಟಿ ಇಲ್ಲದ ಕಿರು ಉದ್ಯಮಗಳನ್ನು ನೋಂದಾಯಿಸುವ ಉದ್ಯಮ್ ಅಸಿಸ್ಟ್ ಎಂಬ ಆನ್‌ಲೈನ್ ವೇದಿಕೆ ತೆರೆದು ಪ್ರಮಾಣಪತ್ರ ಹಂಚಿತು. ಮುದ್ರಿಸಿಕೊಂಡರೆ ನೋಡಲು ಚೆನ್ನಾಗಿಯೇ ಇದೆ. ಅದನ್ನು ಗೋಡೆಗೆ ತೂಗುಹಾಕುವ ಮುನ್ನ ಮೀಟರ್ ನೋಡಲು ಬರುವವರು ಯಾರು ಎಂಬುದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ಗೃಹಜ್ಯೋತಿಯ ಉಚಿತ ವಿದ್ಯುತ್ತು ಇರುವುದು ಗೃಹಕ್ಕೆ, ಉದ್ಯಮಕ್ಕಲ್ಲ.

ಹಾಗೆಂದು ಧೈರ್ಯ ಮಾಡಿ ಜಿಎಸ್‌ಟಿ ನೋಂದಣಿಯನ್ನೇ ಮಾಡಿಸಿಬಿಟ್ಟರೆ? ಆಗ ಅಸಲಿ ಸನ್ಮಾನ. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಮನೆಯೊಡತಿಗೆ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಸಿಗುವುದಿಲ್ಲ. ಗಂಡ ಸಲ್ಲಿಸಿದರೂ ಅಷ್ಟೆ. ಲಕ್ಷ್ಮಿ ಕೈಯಾರೆ ದುಡಿದು ನಾಲ್ಕು ಕಾಸು ಕಂಡಳೆಂದರೆ, ಸರ್ಕಾರದ ದೃಷ್ಟಿಯಲ್ಲಿ ಅವಳು ಗೃಹ ಬಿಟ್ಟು ಹೊರಟಳೆಂದೇ ಅರ್ಥ. ಬಡತನವನ್ನು ಬಿಟ್ಟು ಬರಲು ಮಹಿಳೆಯರಿಗೆ ಇಷ್ಟೊಂದು ಶುಲ್ಕ ವಿಧಿಸುವ ಯೋಜನೆಯನ್ನು ‘ಸಬಲೀಕರಣ’ವೆಂದು ಕರೆಯಲು ಎದೆಗಾರಿಕೆ ಬೇಕು, ಅದು ನಮ್ಮವರಲ್ಲಿ ಧಾರಾಳವಾಗಿದೆ.

ಮನೆಯಲ್ಲಿ ಕುಳಿತು ಬೇರೆಯವರಿಗಾಗಿ ದುಡಿಯುವವರೂ ಕಾರ್ಮಿಕರೇ ಎಂಬ ಒಪ್ಪಂದವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲೇ ಅಂಗೀಕರಿಸಿತು. ಭಾರತ ಅದಕ್ಕೆ ಸಹಿ ಬಿದ್ದ ಅನುಮೋದನೆ ಕಳುಹಿಸಲಿಲ್ಲ. ಅವಸರವೇನಿದೆ? ಸಾವಿರ ಊದುಬತ್ತಿ ಹೊಸೆದರೆ ಬರುವ ಕೂಲಿಯ ಲೆಕ್ಕವನ್ನು ಗುತ್ತಿಗೆದಾರ ಬಾಯಲ್ಲೇ ಹೇಳುತ್ತಾನೆ. ಯುಪಿಐ ಇಲ್ಲ, ದಾಖಲೆಯಿಲ್ಲ, ಆದ್ದರಿಂದ ದಿವ್ಯದೃಷ್ಟಿಗೂ ಅಲ್ಲಿ ಕೆಲಸವಿಲ್ಲ.

2027ರ ಫೆಬ್ರವರಿಯಲ್ಲಿ ಜನಗಣತಿಯವರು ಬಾಗಿಲು ತಟ್ಟಿ, ಮನೆಯಲ್ಲಿ ದುಡಿಯುವವರು ಯಾರು ಎಂದು ಕೇಳುತ್ತಾರೆ. ಒಳಗೆ ಅಮ್ಮ ಇನ್ನೂರು ಒಬ್ಬಟ್ಟಿನ ಹೂರಣ ರುಬ್ಬುತ್ತಿರುವಾಗ, ನಿವೃತ್ತರಾಗಿ ಎಷ್ಟೋ ವರ್ಷವಾದ ಯಜಮಾನರು ಪತ್ರಿಕೆ ಮಡಿಸಿಟ್ಟು, ‘ನಾನಿದ್ದೆ ಸಾರ್, ಈಗ ಯಾರೂ ಇಲ್ಲ’ ಎಂದು ಬರೆಸುತ್ತಾರೆ.